ಮುತ್ತಿಯ ಕಲಗಚ್ಚಿನ ಬಾನಿ

"ನಿಂಗೆಷ್ಟು ಮಕ್ಕಳಮ್ಮ?" ಎಂದು ಯಾರಾದರೂ ಕೇಳಿದರೆ ಚಿಕ್ಕವೆಂಕಟಮ್ಮ "ಐವತ್ತೊಂಬತ್ತು" ಎನ್ನುತ್ತಿದ್ದಳು. ಹಾಸ್ಟೆಲಿನಲ್ಲಿದ್ದ ಹುಡುಗಿಯರು ಐವತ್ತೆಂಟು. ಅಡುಗೆಯವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಂಡು ಕೇಳಿದವರು ನಗುತ್ತಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಐವತ್ತೊಂಬತ್ತನೆಯದು ಹಿತ್ತಿಲಿನ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವ ರಸ್ತೆಯಲ್ಲಿ ಹೆಣ್ಣುಮಕ್ಕಳ ಕಾಲೇಜು, ಅದರ ಬೆನ್ನಿಗೆ ಹಾಸ್ಟೆಲು, ಹಾಸ್ಟೆಲಿನ ಬೆನ್ನಿಗೆ ಅಡುಗೆಮನೆ, ಅಡುಗೆಮನೆಯ ಬೆನ್ನಿಗೆ ಮುತ್ತಿಯ ಕೊಟ್ಟಿಗೆ. ಮುತ್ತಿ ಕರುವಾಗಿದ್ದಾಗಲೇ ಅದರ ತಾಯಿ ಸತ್ತಿತ್ತು. ಚಿಕ್ಕವೆಂಕಟಮ್ಮ ಒಲೆಯ ಪಕ್ಕ ಗೋಣಿಚೀಲ ಹಾಸಿ, ಗ್ಲೂಕೋಸ್ ಬಾಟಲಿಯಲ್ಲಿ ಹಾಲು ಕುಡಿಸಿ ಅದನ್ನು ಉಳಿಸಿಕೊಂಡಿದ್ದಳು. ಒಲೆಯ ಪಕ್ಕ ಬೆಳೆದದ್ದಕ್ಕೋ ಏನೋ, ಒಗ್ಗರಣೆ ಸದ್ದು ಕೇಳಿದರೆ ಈಗಲೂ ಅದು ಕಿವಿ ನಿಮಿರಿಸುತ್ತಿತ್ತು.

ಹಾಸ್ಟೆಲಿನಲ್ಲಿ ಹಸು ಕಟ್ಟಬಹುದೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ವಾರ್ಡನ್ ವರಲಕ್ಷ್ಮಮ್ಮನವರು ಬಾಯಿಮಾತಿನಲ್ಲಿ ಒಪ್ಪಿದ್ದರು. ಕೊಟ್ಟಿಗೆಯ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಮಾಡಬೇಕೆಂದು ಕಮಿಟಿಯವರು ವರ್ಷಕ್ಕೊಮ್ಮೆ ಹೇಳುತ್ತಿದ್ದರು. ವರಲಕ್ಷ್ಮಮ್ಮನವರು, "ಹಸು ದಿನಾ ಬೆಳಗ್ಗೆ ಕಾಫಿಗೆ ಮೂರು ಲೀಟರ್ ಹಾಲು ಕೊಡುತ್ತೆ, ಸೈಕಲ್ ಸ್ಟ್ಯಾಂಡ್ ಏನು ಕೊಡುತ್ತೆ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಹೀಗೆ ಮುತ್ತಿಯ ಬಾಳು ಮೂರು ಲೀಟರಿನ ಮೇಲೆ ನಿಂತಿತ್ತು.

ಆ ಮೂರು ಲೀಟರು ಬರುತ್ತಿದ್ದದ್ದು ಕಲಗಚ್ಚಿನಿಂದ. ಊರಿನಿಂದ ಚಿಕ್ಕವೆಂಕಟಮ್ಮನ ಅಣ್ಣ ವರ್ಷಕ್ಕೊಂದು ಗಾಡಿ ರಾಗಿ ಹುಲ್ಲು ತಂದು ಹಾಕುತ್ತಿದ್ದ. ಆದರೆ ಹುಲ್ಲು ಹೊಟ್ಟೆ ತುಂಬಿಸೀತು, ಕೆಚ್ಚಲು ತುಂಬಿಸದು. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತರಕಾರಿ ಸಿಪ್ಪೆ, ಐವತ್ತೆಂಟು ತಟ್ಟೆಗಳಲ್ಲಿ ಉಳಿದ ಮುದ್ದೆಯ ಚೂರು, ಎಲ್ಲವೂ ಎರಡು ಬಕೀಟಿಗೆ ಬಿದ್ದು ಕೊಟ್ಟಿಗೆಯ ಕಲ್ಲಿನ ಬಾನಿಗೆ ಹೋಗುತ್ತಿತ್ತು. ಮುತ್ತಿ ಕಣ್ಣು ಮುಚ್ಚಿ, ಕಿವಿಯವರೆಗೂ ಮೂತಿ ಅದ್ದಿ ಕುಡಿಯುತ್ತಿತ್ತು. ಸಗಣಿ ತಿಪ್ಪೆಗೆ, ತಿಪ್ಪೆ ಸೊಪ್ಪಿನ ಮಡಿಗೆ, ಸೊಪ್ಪು ಬಸ್ಸಾರಿಗೆ. ಇದನ್ನೆಲ್ಲ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ತಾನಾಗಿಯೇ ನಡೆದುಕೊಂಡು ಬಂದಿತ್ತು. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ವರ್ಷ ಅನಸೂಯ ಎಂಬ ಹುಡುಗಿ ಹತ್ತು ದಿನದ ಶಿಬಿರವೊಂದಕ್ಕೆ ಹೋಗಿ ಬಂದಳು. ಬೇತಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಶ್ರೀರಾಮಪ್ಪನ ಮಗಳು. ಹಿಡಿದ ಕೆಲಸ ಬಿಡುವವಳಲ್ಲ. ಬರುವಾಗ ಅಪ್ಪನ ಅಂಗಡಿಯ ಹಳೆಯ ತಕ್ಕಡಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು.

ಅಂದು ಊಟ ಮುಗಿದ ಮೇಲೆ ಬೆಂಚಿನ ಮೇಲೆ ನಿಂತು ಹೇಳಿದಳು: "ಶಿಬಿರದೋರು ಜಿಲ್ಲೇಲಿರೋ ಹಾಸ್ಟೆಲ್‌ಗಳಿಗೆಲ್ಲ ಒಂದು ಸ್ಪರ್ಧೆ ಇಟ್ಟಿದ್ದಾರೆ. ಯಾವ ಹಾಸ್ಟೆಲ್‌ನಲ್ಲಿ ಏನೂ ವ್ಯರ್ಥ ಆಗಲ್ವೋ ಅವರಿಗೆ ಬೆಳ್ಳಿ ಫಲಕ. ತಿಂಗಳೊಳಗೆ ಯಾವತ್ತಾದ್ರೂ ಒಂದು ದಿನ ಹೇಳದೆ ಕೇಳದೆ ಪರೀಕ್ಷೆ ಮಾಡೋಕೆ ಬರ್ತಾರೆ. ಇವತ್ತು ನಾವು ಬಿಟ್ಟಿರೋ ಅನ್ನ, ಮುದ್ದೆ ತೂಕ ಹಾಕಿದೀನಿ. ಹನ್ನೊಂದೂವರೆ ಕೆ.ಜಿ. ನಾಚಿಕೆ ಆಗ್ಬೇಕು ನಮಗೆ."

ಹುಡುಗಿಯರಿಗೆ ನಾಚಿಕೆಯಾಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಚಿಕ್ಕವೆಂಕಟಮ್ಮನ ಕಣ್ಣು ತೇವವಾಯಿತು. ಹತ್ತು ವರ್ಷದಿಂದ "ತಟ್ಟೇಲಿ ಬಿಡಬ್ಯಾಡ್ರೇ" ಎಂದು ಬಾಯಿ ನೋಯಿಸಿಕೊಂಡವಳು ಅವಳು. "ನೋಡು ಬಚ್ಚಪ್ಪಣ್ಣ, ಮಕ್ಕಳಿಗೆ ಬುದ್ಧಿ ಬಂತು" ಎಂದು ವಾಚ್‌ಮನ್ ಬಚ್ಚಪ್ಪನಿಗೆ ಹೇಳಿದಳು.

ಬಚ್ಚಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಬುದ್ಧಿ ಬಂದ್ರೆ ಒಳ್ಳೇದೇ ಕಣಕ್ಕ. ಒಂದೇ ಸಲ ಎಲ್ಲಾರ್ಗೂ ಬಂದ್ರೇನೆ ಕಷ್ಟ" ಎಂದ.

ಊಟದ ಮನೆಯ ಗೋಡೆಗೆ ಒಂದು ಕಪ್ಪು ಹಲಗೆ ಬಂತು. ಮೇಲೆ ‘ಒಂದು ಅಗುಳೂ ಬಿಡಬಾರದು’ ಎಂದು ದಪ್ಪಕ್ಷರ. ಕೆಳಗೆ ಬಿಟ್ಟವರ ಹೆಸರು. ಹೆಸರು ಬರೆಸಿಕೊಳ್ಳುವುದಕ್ಕಿಂತ ನುಂಗುವುದೇ ವಾಸಿ ಎಂದು ಹುಡುಗಿಯರು ಕಲಿತರು. ಮೊದಲು ಮುದ್ದೆ ಅರ್ಧವಾಯಿತು, ಆಮೇಲೆ ಕಾಲು, ಆಮೇಲೆ "ಅಕ್ಕ, ನಂಗೆ ನಿಂಬೆಹಣ್ಣಿನಷ್ಟು" ಎನ್ನತೊಡಗಿದರು. ಕರಿಬೇವನ್ನೂ ಅಗಿದರು. ನುಗ್ಗೆಕಾಯಿಯನ್ನು ಕಬ್ಬಿನ ಹಾಗೆ ಜಗಿದು, ನಾರನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅದನ್ನೂ ನುಂಗಿದರು. ಕೆ.ಜಿ.ಎಫ್.ನ ಮೈಸೂರು ಮೈನ್ಸಿನ ಗಣಿ ಕೆಲಸಗಾರನ ಮಗಳು ಮಾರಿಯಮ್ಮ ಮಾತ್ರ ಮೊದಲಿನಿಂದಲೂ ತಟ್ಟೆ ಖಾಲಿ ಮಾಡುವವಳು. ಎರಡು ಮುದ್ದೆ ತಿಂದು, "ನಾನು ಹುಟ್ಟಿದಾಗ್ಲಿಂದ್ಲೇ ಈ ಸ್ಪರ್ಧೆಲಿದೀನಿ" ಎನ್ನುತ್ತಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಚಿಕ್ಕವೆಂಕಟಮ್ಮ ಹೇಗೋ ನಿಭಾಯಿಸುತ್ತಿದ್ದಳು. ಅನಸೂಯ ಅಡುಗೆಮನೆಗೂ ಬಂದಳು. ಹೀರೇಕಾಯಿ ಸಿಪ್ಪೆ ಚಟ್ನಿಗೆ ಹೋಯಿತು, ಕುಂಬಳದ ತಿರುಳು ಪಲ್ಯಕ್ಕೆ. ಅಕ್ಕಿ ತೊಳೆದ ನೀರನ್ನು ಕೂದಲಿಗೆ ಒಳ್ಳೆಯದೆಂದು ಹುಡುಗಿಯರು ಚೊಂಬುಗಳಲ್ಲಿ ಸಾಗಿಸಿದರು. ಅನ್ನದ ಗಂಜಿಗೆ ಸರದಿ ಹಚ್ಚಿ, ದಿನಕ್ಕೆ ಆರು ಜನರಂತೆ ದಾವಣಿಗೆ ಹಾಕಿಕೊಂಡರು. ಹಾಸ್ಟೆಲಿನ ಹುಡುಗಿಯರು ಕಾಲೇಜಿಗೆ ಹೊರಟರೆ ದಾವಣಿಗಳು ಅಪ್ಪಳದ ಹಾಗೆ ಸದ್ದು ಮಾಡುತ್ತಿದ್ದವು.

ಹದಿನೈದನೆಯ ದಿನ ಅನಸೂಯ ಹಲಗೆಯ ಮೇಲೆ ‘ಇನ್ನೂರು ಗ್ರಾಂ’ ಎಂದು ಬರೆದಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಹಿತ್ತಿಲಲ್ಲಿ ಮುತ್ತಿ ಖಾಲಿ ಬಾನಿಯನ್ನು ನೆಕ್ಕಿ ನೆಕ್ಕಿ, ಕಲ್ಲು ಮುಖ ಕಾಣುವಷ್ಟು ನುಣುಪಾಗಿತ್ತು.

ಹಾಲು ಎರಡೂವರೆಗೆ ಇಳಿಯಿತು. ಆಮೇಲೆ ಎರಡೂಕಾಲು ಲೀಟರಿಗೆ. ಒಂದು ಬೆಳಗ್ಗೆ ಚಿಕ್ಕವೆಂಕಟಮ್ಮ ಹಾಲಿನ ಪಾತ್ರೆ ಹಿಡಿದು ನಲ್ಲಿಯ ಮುಂದೆ ನಿಂತಳು. ಯಾತಕ್ಕೆ ನಿಂತೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೈ ನಲ್ಲಿ ತಿರುಗಿಸಿತು. ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತು. ಅಂದು ಬೇತಮಂಗಲದ ಕೆರೆಯ ನೀರು ಬಿಡುವ ದಿನವಲ್ಲ. ದೇವರು ಅವಳ ಮಾನವನ್ನು ಹಾಗೆ ಕಾಪಾಡಿದ.

ಮೂರು ದಿನ ಕಾಫಿ ತೆಳ್ಳಗಾದದ್ದನ್ನು ವರಲಕ್ಷ್ಮಮ್ಮನವರು ಗಮನಿಸಿದರು. ಕೆಟ್ಟ ಹೆಂಗಸಲ್ಲ. ಕೊಟ್ಟಿಗೆಯ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು: "ಚಿಕ್ಕವೆಂಕಟಮ್ಮ, ತಿಂಗಳ ಕೊನೆಗೆ ಕಮಿಟಿ ಇದೆ. ಮೂರು ಲೀಟರ್ ಇದ್ರೆ ನಾನು ಮಾತಾಡ್ತೀನಿ. ಇಲ್ದಿದ್ರೆ ನನ್ನ ಬಾಯಿ ಕಟ್ಟಿಹೋಗುತ್ತೆ. ಹಸೂನ ಊರಿಗೆ ಕಳಿಸೋ ಏರ್ಪಾಡು ನೋಡಿಕೋ."

ಊರಿಗೆ ಕಳಿಸಿದರೆ ಏನಾಗುತ್ತದೆಂದು ಚಿಕ್ಕವೆಂಕಟಮ್ಮನಿಗೆ ಗೊತ್ತಿತ್ತು. ಅಣ್ಣನ ಕೊಟ್ಟಿಗೆಯಲ್ಲಿ ಜಾಗವಿಲ್ಲ. ಎರಡು ವಾರ ಕಟ್ಟಿಕೊಂಡು ಮೂರನೆಯ ವಾರ ದನದ ಸಂತೆಗೆ ಹೊಡೆಯುತ್ತಾನೆ.

"ಓಗಿ ಆ ಹುಡ್ಗೀಗೆ ಹೇಳ್ಬಾರ್ದಾ?" ಎಂದ ಬಚ್ಚಪ್ಪ.

"ಏನಂತ ಹೇಳ್ಲಿ? ನನ್ನ ಹಸೂಗೆ ಬೇಕು, ನೀವು ಅನ್ನ ಚೆಲ್ರಿ ಅಂತಾನಾ? ಹತ್ತು ವರ್ಸ ಚೆಲ್ಲಬ್ಯಾಡ್ರಿ ಅಂದ ಬಾಯಿ ಇದು."

"ಹಂಗಾದ್ರೆ ಬಾಯಲ್ಲಿ ಹೇಳ್ಬ್ಯಾಡ, ಕೈಯಲ್ಲಿ ಹೇಳು."

"ಏನು?"

"ಅಡ್ಗೆ ಕೆಡ್ಸು ಕಣಕ್ಕ. ಚೆನ್ನಾಗಿಲ್ದಿದ್ರೆ ತಾವಾಗೇ ಬಿಡ್ತಾವೆ. ನೀನು ಹೇಳ್ದಂಗೂ ಆಗಲ್ಲ, ಮುತ್ತಿ ಬಾನಿ ತುಂಬ್ದಂಗೂ ಆಯ್ತದೆ."

ಆ ಮಾತಿಗೆ ಅವಳು ಅವನನ್ನು ಬೈದು ಕಳಿಸಿದಳು. ಆದರೆ ಸಂಜೆ ಕೊಟ್ಟಿಗೆಗೆ ಹೋದಾಗ ಮುತ್ತಿ ಅವಳ ಸೆರಗನ್ನು ಬಾಯಿಗೆ ಹಾಕಿಕೊಂಡು ಚೀಪಿತು. ಸೆರಗಿಗೆ ಸಾರು ಚೆಲ್ಲಿತ್ತು.

ಮಾರನೆಯ ದಿನ ಸಾರಿಗೆ ಉಪ್ಪು ಹಾಕಬಾರದೆಂದು ತೀರ್ಮಾನಿಸಿದಳು. ಇಪ್ಪತ್ತು ವರ್ಷದಿಂದ ಅಡುಗೆ ಮಾಡಿದ ಕೈ ಅವಳ ಮಾತು ಕೇಳಲಿಲ್ಲ. ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಉಪ್ಪು ಬಿದ್ದಿತ್ತು, ಅದೂ ಹದವಾಗಿ. ಹುಡುಗಿಯರು ತಟ್ಟೆ ನೆಕ್ಕಿದರು.

ಅದರ ಮರುದಿನ ಉಪ್ಪಿನ ಡಬ್ಬಿಯನ್ನು ಬಚ್ಚಪ್ಪನ ಕೈಗೆ ಕೊಟ್ಟು, ಗೇಟಿನ ಹತ್ತಿರ ಇಟ್ಟುಕೊಂಡಿರಲು ಹೇಳಿದಳು. ಸಪ್ಪೆ ಸಾರು ಬಡಿಸುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಹುಡುಗಿಯರು ಒಂದು ತುತ್ತು ಬಾಯಿಗಿಟ್ಟು ಪರಸ್ಪರ ಮುಖ ನೋಡಿದರು. ಮನೆಯಿಂದ ತಂದ ಉಪ್ಪಿನಕಾಯಿ ಶೀಸೆಗಳು ಟ್ರಂಕಿನಿಂದ ಹೊರಬಂದವು. ಹಲಗೆಯ ಮೇಲೆ: ಇನ್ನೂರೈವತ್ತು ಗ್ರಾಂ.

ಆಮೇಲೆ ಅವಳು ಹಾಗಲಕಾಯಿಗೆ ಇಳಿದಳು. ಉಪ್ಪು ಸವರಿ ಹಿಂಡದೆ, ಹುಳಿ ಬೆಲ್ಲ ಹಾಕದೆ, ಬರೀ ಬೇಯಿಸಿಟ್ಟಳು. ಅನಸೂಯ ಮೂಗು ಹಿಡಿದುಕೊಂಡು ತಿಂದಳು. ಅವಳನ್ನು ನೋಡಿ ಉಳಿದವರೂ ಮೂಗು ಹಿಡಿದರು. ಐವತ್ತೆಂಟು ಜನ ಮೂಗು ಹಿಡಿದುಕೊಂಡು ಉಣ್ಣುವುದನ್ನು ಬಾಗಿಲಿನಿಂದ ನೋಡಿ ಚಿಕ್ಕವೆಂಕಟಮ್ಮ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಮಾರಿಯಮ್ಮ ತಟ್ಟೆ ತೊಳೆಯಲು ಬಂದವಳು ಹತ್ತಿರ ನಿಂತು ಅವಳ ಹಣೆ ಮುಟ್ಟಿ ನೋಡಿದಳು. "ಎನ್ನಕ್ಕಾ, ಜ್ವರಾನಾ?" ಎಂದು ತಮಿಳು ಬೆರೆಸಿ ಕೇಳಿದಳು.

"ಇಲ್ಲ ಕಣವ್ವ."

"ಪಲ್ಯ ಚೆನ್ನಾಗಿತ್ತು ಅಕ್ಕ."

"ಸುಳ್ಳು ಯಾಕೆ ಹೇಳ್ತೀಯಾ ಮಗ?"

"ಚೆನ್ನಾಗಿರಲಿಲ್ಲ. ಆದ್ರೆ ಎರಡು ಸಲ ಹಾಕಿಸ್ಕೊಂಡೆ" ಎಂದು ಹೇಳಿ ಮಾರಿಯಮ್ಮ ಹೋದಳು.

ತಿಂಗಳು ಮುಗಿಯಲು ನಾಲ್ಕು ದಿನ ಉಳಿಯಿತು. ಹಾಲು ಎರಡಕ್ಕೆ ಬಂತು. ಆ ಶನಿವಾರ ಚಿಕ್ಕವೆಂಕಟಮ್ಮ ಮನಸ್ಸು ಕಲ್ಲು ಮಾಡಿಕೊಂಡು ತನ್ನ ಜನ್ಮದಲ್ಲೇ ಮಾಡದಂಥ ಅಡುಗೆ ಮಾಡಿದಳು. ಮುದ್ದೆಯನ್ನು ಸರಿಯಾಗಿ ತಿರುವದೆ ಗಂಟು ಗಂಟಾಗಿ ಬಿಟ್ಟಳು. ಹುರುಳಿ ಸಾರಿಗೆ ಬಚ್ಚಪ್ಪನಿಂದ ಡಬ್ಬಿ ವಾಪಸು ತರಿಸಿ ಎರಡರಷ್ಟು ಉಪ್ಪು ಸುರಿದಳು. ಜೊತೆಗೆ ಉಳಿದಿದ್ದ ಹಾಗಲಕಾಯಿ. "ಇದನ್ನು ತಿಂದ್ರೆ ಅವರು ಮನುಸ್ಯರಲ್ಲ" ಎಂದುಕೊಂಡು ಪಾತ್ರೆ ಇಳಿಸಿದಳು.

ಅದೇ ಹೊತ್ತಿಗೆ ಗೇಟಿನಿಂದ ಬಚ್ಚಪ್ಪ ಓಡಿ ಬಂದ. "ಅಕ್ಕೋ, ಯಾರೋ ದೊಡ್ಡೋರು ಬಂದವ್ರೆ. ಫಲಕದೋರಂತೆ. ಊಟಕ್ಕೆ ಇಲ್ಲೇ ಕೂತ್ಕತಾರಂತೆ."

ಬಂದವರು ರಾಮಚಂದ್ರಪ್ಪ ಎಂಬ ನಿವೃತ್ತ ಮೇಷ್ಟ್ರು. ಬಿಳಿ ಪಂಚೆ, ಕೊಡೆ, ಕಂಕುಳಲ್ಲಿ ಚೀಲ. ಬೆಳಗಿನ ರೈಲಿಗೆ ಬಂದು, ಹಸಿದು, ಬಂಗಾರಪೇಟೆಯಿಂದ ನಡೆದೇ ಬಂದಿದ್ದರು. ಬೇರೆ ಅಡುಗೆ ಮಾಡಲು ಹೊತ್ತಿರಲಿಲ್ಲ. ಅವರನ್ನು ನೇರವಾಗಿ ಕಪ್ಪು ಹಲಗೆಯ ಎದುರಿಗೇ ಕೂರಿಸಿದರು. ಪಕ್ಕದಲ್ಲಿ ಅನಸೂಯ ತಕ್ಕಡಿ ಹಿಡಿದು ನಿಂತಳು.

ಮೇಷ್ಟ್ರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಅವರ ಮುಖದಲ್ಲಿ ಬಂದ ಬದಲಾವಣೆ ಚಿಕ್ಕವೆಂಕಟಮ್ಮನಿಗೆ ಕಿಟಕಿಯಿಂದ ಕಂಡಿತು. ಒಮ್ಮೆ ಹಲಗೆ ನೋಡಿದರು. ಒಮ್ಮೆ ತಕ್ಕಡಿ ನೋಡಿದರು. ಸುತ್ತ ಐವತ್ತೆಂಟು ಹುಡುಗಿಯರು ತಲೆ ಎತ್ತದೆ ಅದೇ ಊಟವನ್ನು ನುಂಗುತ್ತಿದ್ದರು. ಮಕ್ಕಳ ಮುಂದೆ ಮಾನ ಹೋಗಬಾರದೆಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತಟ್ಟೆ ಖಾಲಿ ಮಾಡಿದರು.

ಅಲ್ಲಿಯೇ ತಪ್ಪಾದದ್ದು. ವರಲಕ್ಷ್ಮಮ್ಮನವರು ಹಳೆಯ ಕಾಲದ ಮನೆಯಲ್ಲಿ ಬೆಳೆದವರು. ಅತಿಥಿಯ ತಟ್ಟೆ ಖಾಲಿಯಾದರೆ ಅತಿಥಿಗೆ ಇನ್ನೂ ಬೇಕು ಎಂದರ್ಥ. ಸಾಕಾದವರು ಒಂದು ತುತ್ತು ಉಳಿಸುತ್ತಾರೆ. "ಸಾರ್‌ಗೆ ಹಾಕಮ್ಮ" ಎಂದರು. ಇನ್ನೊಂದು ಮುದ್ದೆ ಬಂತು.

"ಸಾಕಮ್ಮ, ಸಾಕು."

"ಸಂಕೋಚ ಮಾಡ್ಕೋಬೇಡಿ ಸಾರ್. ಅಷ್ಟು ಚೆನ್ನಾಗಿ ಊಟ ಮಾಡಿದೀರಿ."

ಮೇಷ್ಟ್ರು ಎರಡನೆಯದನ್ನೂ ಮುಗಿಸಿದರು. ಹಣೆಯ ಮೇಲೆ ಬೆವರು. ಬಿಟ್ಟರೆ ತಕ್ಕಡಿ, ಮುಗಿಸಿದರೆ ಮುದ್ದೆ. ಮೂರನೆಯ ಮುದ್ದೆ ತಟ್ಟೆಗೆ ಬಿದ್ದಾಗ ಅದರಲ್ಲಿ ಅರ್ಧ ತಿಂದು ಕೈ ನಿಲ್ಲಿಸಿದರು. ಆಗ ಹೊರಗಿನಿಂದ ಮುತ್ತಿ ಒಮ್ಮೆ ಉದ್ದವಾಗಿ ಕೂಗಿತು.

ಮೇಷ್ಟ್ರ ಮುಖ ಅರಳಿತು. "ಹಸು ಐತಾ ಇಲ್ಲಿ? ಮೊದ್ಲೇ ಹೇಳ್ಬಾರ್ದಾ? ನಮ್ಮನೇಲಿ ಕಡೇ ತುತ್ತು ಹಸೂಂದು. ನಮ್ಮವ್ವ ಕಲಿಸಿದ್ದು. ಅದನ್ನ ನಾನು ತಿಂದ್ರೆ ಪಾಪ ಬತ್ತದೆ" ಎಂದು ತಟ್ಟೆ ಸಮೇತ ಎದ್ದೇಬಿಟ್ಟರು. ಎರಡೂವರೆ ಮುದ್ದೆ ಹೊತ್ತ ಮನುಷ್ಯ ಅಷ್ಟು ಬೇಗ ನಡೆಯಬಲ್ಲರೆಂದು ಯಾರೂ ಎಣಿಸಿರಲಿಲ್ಲ. ಹಿಂದೆ ವರಲಕ್ಷ್ಮಮ್ಮ, ಅವರ ಹಿಂದೆ ತಕ್ಕಡಿ ಹಿಡಿದ ಅನಸೂಯ, ಅವಳ ಹಿಂದೆ ಎಂಜಲು ಕೈಯಲ್ಲೇ ಹುಡುಗಿಯರೆಲ್ಲ.

ಮುತ್ತಿ ತಟ್ಟೆಗೆ ಮೂತಿ ಇಟ್ಟಿತು. ಹಸುವಿಗೆ ಉಪ್ಪೆಂದರೆ ಪ್ರಾಣ. ಮುದ್ದೆ ಕಂಡವರಿಲ್ಲ, ಸಾರು ಕಂಡವರಿಲ್ಲ. ತಟ್ಟೆ ನೆಕ್ಕಿ, ಮೇಷ್ಟ್ರ ಕೈ ನೆಕ್ಕಿ, ಪಂಚೆಯ ಅಂಚನ್ನೂ ನೆಕ್ಕಿತು.

ಮೇಷ್ಟ್ರು ಹಸುವಿನ ಬೆನ್ನ ಮೇಲೆ ಕೈ ಆಡಿಸಿದರು. ಪಕ್ಕೆಲುಬು ಒಂದೊಂದೇ ಬೆರಳಿಗೆ ಸಿಕ್ಕಿತು. ಬಾನಿಯೊಳಗೆ ಬಗ್ಗಿ ನೋಡಿದರು. "ಐವತ್ತೆಂಟು ಜನದ ಅಡ್ಗೆ ಮನೆ. ಕಲಗಚ್ಚಿನ ಬಾನಿ ಒಣಗೈತಲ್ಲ. ಇದ್ಯಾವ ಸೀಮೆ ಹಾಸ್ಟೆಲಮ್ಮ?"

ಚಿಕ್ಕವೆಂಕಟಮ್ಮ ಬಾಗಿಲಿನ ಕಂಬ ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟಳು. ಮೂರು ಲೀಟರಿನ ಮಾತು, ಸಂತೆಯ ಮಾತು, ಉಪ್ಪಿನ ಡಬ್ಬಿಯ ಮಾತು. "ಮಕ್ಕಳು ಉಣ್ಣೋ ಅನ್ನಾನ ಬೇಕಂತ ಕೆಡ್ಸಿದ್ನಲ್ಲ ಸ್ವಾಮಿ. ನನ್ ಕೈಗೆ ಉಳ ಬೀಳ್ಲಿ" ಎಂದು ಮುಗಿಸಿದಳು.

ಅನಸೂಯ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಒಂದು ಕಡೆ ಬಾನಿ, ಒಂದು ಕಡೆ ತಾನು ಹಿಡಿದ ತಕ್ಕಡಿ. "ಅಕ್ಕ, ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ" ಎಂದಳು.

"ನೀವಾದ್ರೂ ಚೆನ್ನಾಗಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಅವತ್ತೇ ನಿಲ್ಲಿಸ್ತಿದ್ದೆ ಕಣೇ. ಫಲಕಕ್ಕಾಗಿ ಹಂಗೆ ತಿಂತೀರಾ ಯಾರಾದ್ರೂ?"

ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಮಾರಿಯಮ್ಮ ಹೇಳಿದಳು: "ಮೊದಲ್ನೇ ದಿನ ಫಲಕಕ್ಕೆ ಅಕ್ಕ. ಆಮೇಲೆ ನಿಮ್ಗೇನೋ ದೊಡ್ಡ ದುಃಖ ಇದೆ, ಕೈ ಕೆಟ್ಟಿದೆ, ಯಾರೂ ಏನೂ ಅನ್ಬಾರ್ದು ಅಂತ ರೂಮಲ್ಲಿ ಮಾತಾಡ್ಕೊಂಡ್ವಿ. ಬಿಟ್ರೆ ನೀವು ನೊಂದ್ಕೋತೀರಿ ಅಂತ ತಿಂದ್ವಿ."

ಚಿಕ್ಕವೆಂಕಟಮ್ಮ ಹತ್ತಿರ ಇದ್ದ ಮಾರಿಯಮ್ಮನ ಕೆನ್ನೆಗೆ ಒಂದು ಸಣ್ಣ ಏಟು ಕೊಟ್ಟು, ಅದೇ ಕೈಯಿಂದ ಅವಳ ತಲೆ ಸವರಿದಳು.

ಅನಸೂಯ ಮೂಗು ಒರೆಸಿಕೊಂಡಳು. ಎಷ್ಟಾದರೂ ಹಿಡಿದ ಕೆಲಸ ಬಿಡುವವಳಲ್ಲ. "ಸಾರ್, ಈಗ ನೀವು ಹಸೂಗೆ ಕೊಟ್ರಲ್ಲ, ಅರ್ಧ ಮುದ್ದೆ. ಅದನ್ನ ಹೇಗೆ ಬರ್ಕೋಬೇಕು?"

ಮೇಷ್ಟ್ರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಯೋಚಿಸಿದರು. "ನಾನು ತಿಂದ ಎರಡೂವರೆ ಮುದ್ದೆ ಬರ್ಕೋ, ವ್ಯರ್ಥ ಅಂತ. ನನ್ನ ಹೊಟ್ಟೆಗೂ ಆಗ್ಲಿಲ್ಲ, ಬಾಯಿಗೂ ಆಗ್ಲಿಲ್ಲ. ಹಸು ತಿಂದಿದ್ದು ನಾಳೆ ಬೆಳಗ್ಗೆ ಕಾಫೀಲಿ ವಾಪಸ್ ಬತ್ತದೆ ಕಣಮ್ಮ."

ಆಮೇಲೆ ಅವರು ಕೊಡೆ ಮರೆತು ಹೋದರು. ಮತ್ತೆ ಬಂದು ತೆಗೆದುಕೊಳ್ಳುವ ಧೈರ್ಯ ಮಾಡಲಿಲ್ಲ.

ಫಲಕ ಇವರಿಗೆ ಬರಲಿಲ್ಲ. ಎಲ್ಲಕ್ಕಿಂತ ಕಡಿಮೆ ವ್ಯರ್ಥ ಮಾಡಿದ್ದಕ್ಕೆ ಬೇರೊಂದು ಊರಿನ ಹುಡುಗರ ಹಾಸ್ಟೆಲಿಗೆ ಹೋಯಿತು. ಅಲ್ಲಿ ಅಡುಗೆಯವನು ಓಡಿಹೋಗಿ ಆ ತಿಂಗಳು ಒಲೆಯನ್ನೇ ಹಚ್ಚಿರಲಿಲ್ಲವೆಂದು ಬಚ್ಚಪ್ಪ ಎಲ್ಲಿಂದಲೋ ಸುದ್ದಿ ತಂದ. ಆದರೆ ಮೇಷ್ಟ್ರು ಬರೆದ ಒಂದು ಪುಟದ ಕಾಗದ ವರಲಕ್ಷ್ಮಮ್ಮನವರಿಗೆ ಬಂತು. ಈ ಹಾಸ್ಟೆಲಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು ಎಂದರೆ ಹಿತ್ತಿಲಿನ ಹಸು ಮುತ್ತಿ, ಅದನ್ನು ಯಾವ ಕಾರಣಕ್ಕೂ ಕಳಿಸಬಾರದು ಎಂದು ಅದರಲ್ಲಿತ್ತು. ವರಲಕ್ಷ್ಮಮ್ಮನವರು ಅದನ್ನು ಕಮಿಟಿಯ ಮುಂದೆ ಎರಡು ಸಲ ಓದಿದರು. ಮೊದಲ ಬಾರಿಗೆ ಮುತ್ತಿಯ ಹೆಸರು ಕಾಗದದ ಮೇಲೆ ಬಂತು. ಹಾಲು ಮತ್ತೆ ಮೂರು ಲೀಟರಿಗೆ ಏರಲು ಎರಡು ತಿಂಗಳ ಗಡುವೂ ಸಿಕ್ಕಿತು.

ಗಂಜಿ ಬಾನಿಗೆ ಮರಳಿತು, ಸಿಪ್ಪೆ ಮರಳಿತು, ಅಕ್ಕಿ ತೊಳೆದ ನೀರೂ ಮರಳಿತು. ಹಾಸ್ಟೆಲಿನ ದಾವಣಿಗಳು ಸೊರಗಿದವು, ಮುತ್ತಿ ತುಂಬಿಕೊಂಡಿತು.

ಒಂದೇ ತೊಡಕು ಉಳಿಯಿತು. ಊಟಕ್ಕೆ ಕೂರುವಾಗಲೇ ಪ್ರತಿಯೊಬ್ಬರೂ ಒಂದು ತುತ್ತು ಮುತ್ತಿಗೆಂದು ಬಕೀಟಿಗೆ ಹಾಕಬೇಕೆಂದು ಅನಸೂಯ ಹೊಸ ನಿಯಮ ಮಾಡಿದ್ದಳು. ಅಷ್ಟರಲ್ಲಿ ಚಿಕ್ಕವೆಂಕಟಮ್ಮನ ಕೈ ಮೊದಲಿನಂತಾಗಿತ್ತು. ಅಷ್ಟು ದಿನ ಸಪ್ಪೆ ಸಾರು, ಕಹಿ ಹಾಗಲಕಾಯಿ ತಿಂದ ಬಾಯಿಗಳಿಗೆ ಅವಳ ಬಸ್ಸಾರು ಸಿಕ್ಕಿದಾಗ ಆ ಒಂದು ತುತ್ತನ್ನು ಬಿಟ್ಟುಕೊಡುವುದು ಯಾರಿಗೂ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಸಾರಿನ ಸೌಟು ಹಿಡಿದು ಬಂದಾಗ ಕಪ್ಪು ಹಲಗೆಯ ಮೇಲೆ ಏನೋ ಹೊಸದಾಗಿ ಬರೆದಿತ್ತು.

"ಏನೇ ಅದು, ನಂಗೆ ಓದಾಕ್ ಬರಲ್ಲ."

"ಮುತ್ತಿಗೆ ಕೊಡದೆ ಪೂರ್ತಿ ತಿಂದವರ ಹೆಸರು ಅಕ್ಕ" ಎಂದಳು ಅನಸೂಯ, ಗಂಭೀರವಾಗಿ.

"ಯಾರ್ಯಾರದ್ದು?"

"ಮಾರಿಯಮ್ಮಂದು ನಾಲ್ಕು ಸಲ ಇದೆ."

ಮಾರಿಯಮ್ಮ ಬೆರಳು ನೆಕ್ಕುತ್ತ ಕೂತಿದ್ದಳು. ಚಿಕ್ಕವೆಂಕಟಮ್ಮ ಅವಳ ಹತ್ತಿರ ಹೋಗಿ ಇನ್ನೊಂದು ಮುದ್ದೆಯನ್ನು ತಟ್ಟೆಗೆ ಹಾಕಿದಳು. ಅನಸೂಯ ಸೀಮೆಸುಣ್ಣ ಕೈಗೆತ್ತಿಕೊಂಡದ್ದನ್ನು ನೋಡಿ ಹೇಳಿದಳು: "ಅವಳದ್ದು ಬರೀಬ್ಯಾಡವ್ವ, ನನ್ ಹೆಸ್ರು ಬರ್ಕೋ. ಅವಳ ತುತ್ತು ನಾನು ಹಾಕ್ತೀನಿ."